ಬಿರುಗಾಳಿಯ ಮೋಹ

ಗುಣವಂತನಿಗೆ ಲೋಕವು ಮನ್ನಣೆಯನ್ನು ಕೊಡುವುದೆಂಬುದು ಹಿರಿಯರ ಮಾತು. ಆದರೆ ಮನ್ನಣೆ ಬೇರೆ, ಒಲವು ಬೇರೆ. ಹೊತ್ತಿಗೆ ಸರಿಯಾಗಿ ಬಂದು, ಕೈಕೊಂಡ ಕಾರ್ಯವನ್ನು ಕುಂದಿಲ್ಲದೆ ಮುಗಿಸಿ ಹೋಗುವ ವಿದ್ವಾಂಸನಿಗೆ ಸಭೆಯು ಶಾಲು ಹೊದಿಸುವುದು. ಬರುವನೋ ಬಾರನೋ, ಬಂದರೂ ಹಾಡುವನೋ ಅರ್ಧಕ್ಕೆ ಎದ್ದು ಹೋಗುವನೋ ಎಂಬ ಸಂಶಯಕ್ಕೆ ಎಡೆಗೊಡುವ ಗಾಯಕನಿಗಾಗಿ ಅದೇ ಸಭೆಯು ನಡುರಾತ್ರಿಯ ವರೆಗೆ ಕಾದು ಕುಳಿತಿರುವುದು. ಮೊದಲನೆಯವನನ್ನು ಕುರಿತು ಜನರು ಒಳ್ಳೆಯ ಮಾತನ್ನಾಡುವರು. ಎರಡನೆಯವನನ್ನು ಕುರಿತು ಕಥೆ ಹೇಳುವರು. ಈ ಒಲವು ಯಾವುದರ ಮೇಲಣದು? ಅವನ ವಿದ್ಯೆಯ ಮೇಲಣದೋ, ಅವನ ಅವಗುಣದ ಮೇಲಣದೋ? ಎರಡನ್ನೂ ಬೇರ್ಪಡಿಸಲು ಸಾಧ್ಯವಾಗುವ ಪಕ್ಷದಲ್ಲಿ, ಬೇರ್ಪಡಿಸದೆ ಒಲಿಯುವವರ ಮೇಲೆ ಯಾವ ಹೊಣೆಯೂ ಇಲ್ಲವೋ?

ಸಂಗೀತ ಸಾಹಿತ್ಯಗಳ ವಿಷಯದಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟ. ರುಚಿಭೇದವು ಅಡ್ಡ ಬರುವುದು. ಗೆಲವು ಸೋಲುಗಳನ್ನು ಅಂಕಗಳಿಂದ ಎಣಿಸಬಹುದಾದ ಒಂದು ವಿದ್ಯೆಯನ್ನು ತೆಗೆದುಕೊಂಡರೆ ವಿಚಾರವು ತಿಳಿಯಾಗುವುದು. ಬ್ರಿಟನ್ನಿನಲ್ಲಿ ಕೆಲವರು ಜೀವನೋಪಾಯವಾಗಿಯೇ ಆಡುವ ಸ್ನೂಕರ್ ಆಟವು ಅಂಥದು. ಸುಮಾರು ಹನ್ನೆರಡು ಅಡಿ ಉದ್ದ, ಆರಡಿ ಅಗಲದ ಮೇಜು. ಮೇಲೆ ಹಸುರು ಬನಾತು. ಅಂಚಿನಲ್ಲಿ ಆರು ಚೀಲಗಳು. ಕೆಂಪು ಚೆಂಡುಗಳು 15, ಬೇರೆ ಬೇರೆ ಬಣ್ಣದವು 6, ಕೋಲಿನಿಂದ ಹೊಡೆಯತಕ್ಕ ಬಿಳಿಯದು 1. ಬಿಳಿಯ ಚೆಂಡಿನಿಂದ ಮೊದಲು ಒಂದು ಕೆಂಪನ್ನೂ ಅನಂತರ ಒಂದು ಬಣ್ಣದ ಚೆಂಡನ್ನೂ, ಹೀಗೆ ಒಂದರ ಮೇಲೊಂದನ್ನು ಚೀಲಕ್ಕೆ ಕೆಡಹುತ್ತ ಹೋಗಬೇಕು. ಕೆಂಪಿಗೆ 1 ಅಂಕ, ಕರಿಯದಕ್ಕೆ 7. ಸಾಮಾನ್ಯವಾಗಿ ಒಂದು ಸರದಿಯಲ್ಲಿ ಗಳಿಸಬಹುದಾದ ಪರಮಾವಧಿ 147. ಒಂದು ಸಲ ತಪ್ಪಿದರೆ ಕುರ್ಚಿಗೆ ಹಿಂತಿರುಗಿ, ಎದುರಾಳಿಯು ತಪ್ಪುವ ವರೆಗೆ ಕೈಕಟ್ಟಿ ಕುಳಿತಿರಬೇಕು. ಈ ಆಟ ಹುಟ್ಟಿದುದು ಭಾರತದಲ್ಲಿಯೇ ಎಂಬುದು ಹಲವರಿಗೆ ತಿಳಿಯದು. 1875ರಲ್ಲಿ ಜಬ್ಬಲ್‌ಪುರದ ಸೇನಾಧಿಕಾರಿಗಳ ನಡುವೆ ನೆವಿಲ್ ಚೇಂಬರ್ಲೇನ್ ಎಂಬಾತನು ಇದನ್ನು ಹೂಡಿದನು. ಮುಂದೆ ಪ್ರಧಾನಮಂತ್ರಿಯಾದ ಚೇಂಬರ್ಲೇನನು ಬೇರೆ. ಇದರ ನಿಯಮಗಳು ಒಂದು ರೂಪಕ್ಕೆ ಬಂದುದು ಉದಕಮಂಡಲದ ಕ್ಲಬ್ಬಿನಲ್ಲಿ. ಬೆಂಗಳೂರಿನ ಪಂಕಜ್ ಅಡ್ವಾಣಿಯು ಹವ್ಯಾಸಿಗಳ ಜಗತ್ಪದವಿಯನ್ನು ಹಲವು ಸಲ ಗಳಿಸಿದುದರಿಂದ ಕನ್ನಡನಾಡಿಗೂ ಇದು ಪರಕೀಯವೆನ್ನಲಾಗದು.

ಇದರಷ್ಟು ಸದ್ದಿಲ್ಲದ ಆಟ ಬೇರೊಂದಿಲ್ಲ. ಆಟಗಾರರು ಮದುವೆಯ ಔತಣಕ್ಕೆ ಹೊರಟವರಂತೆ ಒಳಂಗಿ ಕೊರಳಪಟ್ಟಿಗಳನ್ನು ತೊಟ್ಟಿರುವರು. ಪ್ರೇಕ್ಷಕರು ಉಸಿರು ಬಿಗಿಹಿಡಿದಿರುವರು. ತನ್ನ ಕೋಲೋ ತೋಳೋ ಚೆಂಡಿಗೆ ಸೋಕಿದರೆ, ಮತ್ತಾರೂ ಕಾಣದಿದ್ದರೂ, ಆಟಗಾರನೇ ಅದನ್ನು ಹೇಳತಕ್ಕದ್ದೆಂಬುದು ಮರ್ಯಾದೆ. ಇಷ್ಟು ಕಟ್ಟುಪಾಡಿನ ನಡುವೆ ಕಟ್ಟುಪಾಡಿಗೆ ಒಗ್ಗದ ಮನುಷ್ಯನೊಬ್ಬನು ಬಂದು ನಿಂತರೆ, ಬಿಳಿಯ ಗೋಡೆಯ ಮೇಲೆ ಬಣ್ಣ ಚೆಲ್ಲಿದಂತಾಗುವುದು ಸಹಜವೇ ಆಗಿದೆ.

ಹಾಗೆ ಬಂದು ನಿಂತವರಲ್ಲಿ ಮೊದಲಿಗನು ಅಲೆಕ್ಸ್ ಹಿಗಿನ್ಸ್. 1949ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದವನು, 'ಬಿರುಗಾಳಿ'ಯೆಂದು ಬಿರುದು. 1972ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ಮೊದಲ ಪ್ರಯತ್ನದಲ್ಲಿಯೇ ಜಗತ್ಪದವಿಯನ್ನು ಕಸಿದುಕೊಂಡನು. ಇತರರು ಮೇಜನ್ನು ಸುತ್ತಿ ನೋಡಿ, ಅಳೆದು, ಯೋಚಿಸಿ ಹೊಡೆಯುತ್ತಿದ್ದರೆ, ಇವನು ಒಂದು ಚೆಂಡು ಚೀಲಕ್ಕೆ ಬೀಳುವ ಮೊದಲೇ ಮುಂದಿನದರ ಕಡೆಗೆ ನಡೆದಿರುತ್ತಿದ್ದನು. ಹೊಡೆಯುವಾಗ ತಲೆಯೆತ್ತಬಾರದೆಂಬುದು ಈ ವಿದ್ಯೆಯ ಮೊದಲ ಪಾಠ. ಇವನು ತಲೆಯನ್ನೇ ಏನು, ಇಡೀ ಮೈಯನ್ನೇ ಕೊಡಹುತ್ತಿದ್ದನು. ಬಣ್ಣದ ದೂರದರ್ಶನವು ಬ್ರಿಟನ್ನಿನ ಮನೆಮನೆಗೂ ಬರುತ್ತಿದ್ದ ಕಾಲ ಅದು. ಚೆಂಡುಗಳ ಬಣ್ಣವನ್ನು ಗುರುತಿಸಲು ಬಂದ ಜನರು ಈತನ ಮುಖವನ್ನು ನೋಡುತ್ತ ಕುಳಿತರು.

1982ರ ಜಗತ್ಪಂದ್ಯದ ಉಪಾಂತ್ಯ ಸ್ಪರ್ಧೆಯು ಶೆಫೀಲ್ಡಿನ ಕ್ರೂಸಿಬಲ್ ನಾಟಕಶಾಲೆಯಲ್ಲಿ ನಡೆಯಿತು. ಎದುರಾಳಿಯು ಆಗತಾನೆ ಇಪ್ಪತ್ತು ತುಂಬಿದ್ದ, ಲಂಡನ್ನಿನ ಜಿಮ್ಮಿ ವೈಟ್. ಅವನಿಗೂ 'ಸುಂಟರಗಾಳಿ'ಯೆಂದೇ ಹೆಸರು. ಮೂವತ್ತೊಂದು ಭಾಗಗಳ ಸ್ಪರ್ಧೆಯಲ್ಲಿ ವೈಟನು 15–14ರಿಂದ ಮುಂದಿದ್ದನು. ಮೂವತ್ತನೆಯ ಭಾಗದಲ್ಲಿಯೂ 59 ಅಂಕಗಳನ್ನು ಗಳಿಸಿ ಒಂದು ಕೆಂಪನ್ನು ತಪ್ಪಿದನು. ಹಿಗಿನ್ಸನು ಒಂದು ಅಂಕವನ್ನೂ ಗಳಿಸಿರಲಿಲ್ಲ. ಒಮ್ಮೆ ತಪ್ಪಿದರೆ ಪಂದ್ಯ ಮುಗಿದಂತೆ. ಅವನು ಎದ್ದು 69 ಅಂಕಗಳನ್ನು ಗಳಿಸಿ ಮೇಜನ್ನು ಬರಿದು ಮಾಡಿದನು. ಮುಂದಿನ ಭಾಗವನ್ನೂ ಗೆದ್ದು, ಅಂತಿಮಸ್ಪರ್ಧೆಯಲ್ಲಿ ರೇ ರಿಯರ್ಡನನನ್ನು 18–15ರಿಂದ ಸೋಲಿಸಿದನು. ಕೊನೆಯ ಭಾಗದಲ್ಲಿ 135. ಗೆದ್ದ ಒಡನೆಯೇ ಕಣ್ಣೀರು ಸುರಿಸುತ್ತ, ಹೆಂಡತಿಯನ್ನೂ ಎಳೆಗೂಸಾದ ಮಗಳನ್ನೂ ಹತ್ತಿರಕ್ಕೆ ಕರೆದುಕೊಂಡನು. ಆ ದೃಶ್ಯವನ್ನು ಕಂಡವರು ಮರೆತಿಲ್ಲ.

ಆದರೆ ಆ 69ನ್ನು ಕೊಂಚ ತಾಳ್ಮೆಯಿಂದ ಪರೀಕ್ಷಿಸಬೇಕು. ಈ ಆಟದಲ್ಲಿ ಚೆಂಡನ್ನು ಕೆಡಹುವುದು ಅರ್ಧ ವಿದ್ಯೆ. ಬಿಳಿಯ ಚೆಂಡು ಮುಂದಿನ ಹೊಡೆತಕ್ಕೆ ಅನುಕೂಲವಾದ ಎಡೆಯಲ್ಲಿ ನಿಲ್ಲುವಂತೆ ಮಾಡುವುದು ಉಳಿದರ್ಧ. ಅಂದು ಮೊದಮೊದಲಿನ ಹೊಡೆತಗಳಲ್ಲಿ ಹಿಗಿನ್ಸನ ಬಿಳಿಯ ಚೆಂಡು ನಿಲ್ಲಬೇಕಾದೆಡೆ ನಿಲ್ಲಲೇ ಇಲ್ಲ. ಪ್ರತಿಸಲವೂ ತನ್ನ ತಪ್ಪಿನಿಂದ ತಾನೇ ಕಷ್ಟಕ್ಕೆ ಸಿಕ್ಕಿ, ಪ್ರತಿಸಲವೂ ಅಸಾಧ್ಯವೆನಿಸುವ ಹೊಡೆತದಿಂದ ಪಾರಾದನು. ಬೇರೊಬ್ಬ ನಿಪುಣನಾಗಿದ್ದರೆ ಅಷ್ಟೇ ಅಂಕಗಳನ್ನು ಹತ್ತಿರ ಹತ್ತಿರದ ಸುಲಭವಾದ ಹೊಡೆತಗಳಿಂದ ಗಳಿಸಿಬಿಡುತ್ತಿದ್ದನು. ಆಗ ಅದನ್ನು ಯಾರೂ ನೆನಪಿನಲ್ಲಿಡುತ್ತಿರಲಿಲ್ಲ. ಮನೆಯಲ್ಲಿ ಎಣ್ಣೆ ತೀರುವ ಮೊದಲೇ ಎಣ್ಣೆ ತರಿಸಿಡುವ ಗೃಹಿಣಿಯ ಜಾಣ್ಮೆಯು ಅತಿಥಿಯ ಕಣ್ಣಿಗೆ ಬೀಳದು. ಮಳೆಗಾಲದ ಇರುಳಿನಲ್ಲಿ ದೀಪವಾರಿಹೋದಾಗ ಎಲ್ಲಿಂದಲೋ ಎಣ್ಣೆಯನ್ನು ಒದಗಿಸಿದವಳನ್ನು ಅವನು ಊರೆಲ್ಲ ಹೊಗಳುವನು. ನಿಪುಣನು ಕಷ್ಟವನ್ನು ಹುಟ್ಟುವ ಮೊದಲೇ ಅಡಗಿಸಿಬಿಡುವುದರಿಂದ ಅವನ ವಿದ್ಯೆ ಕಾಣುವುದಿಲ್ಲ. ಚಂಚಲನಾದ ಪ್ರತಿಭಾವಂತನಲ್ಲಿ ಕಷ್ಟವೂ ಕಾಣುವುದು, ಅದನ್ನು ದಾಟುವ ಶಕ್ತಿಯೂ ಕಾಣುವುದು. ಜನರು ಮೆಚ್ಚುವುದು ತಪ್ಪನ್ನಲ್ಲ, ತಪ್ಪಿನ ಬೆಳಕಿನಲ್ಲಿ ಕಂಡ ಶಕ್ತಿಯನ್ನು. ಇಷ್ಟರ ಮಟ್ಟಿಗೆ ಆ ಒಲವು ನ್ಯಾಯವಾದುದೇ ಸರಿ.

ಇಲ್ಲಿ ಒಂದು ಭ್ರಾಂತಿಯು ಸೇರಿಕೊಳ್ಳುವುದು. ಅಂಥವನ ಶಕ್ತಿ ಅಭ್ಯಾಸವಿಲ್ಲದೆ ಬಂದುದು, ದೇವರು ಕೊಟ್ಟದ್ದು ಎಂದು ಜನ ನಂಬುವರು. ನಂಬಲು ಇಚ್ಛಿಸುವರು ಎಂದರೆ ಇನ್ನೂ ಸರಿ. ಏಕೆಂದರೆ ಅಭ್ಯಾಸದಿಂದ ಬಂದುದಾದರೆ ಅದು ತಮಗೂ ಏಕೆ ಬರಲಿಲ್ಲವೆಂಬ ಪ್ರಶ್ನೆ ಏಳುವುದು. ವರವಾಗಿ ಬಂದುದಾದರೆ ಆ ಪ್ರಶ್ನೆಯೇ ಇಲ್ಲ. ಭಾರತದ ಆಲಂಕಾರಿಕರು ಈ ವಿಷಯದಲ್ಲಿ ಎಚ್ಚರಿಕೆಯಿಂದ ನಡೆದವರು. ಶಕ್ತಿ, ನಿಪುಣತೆ, ಅಭ್ಯಾಸ ಇವು ಕಾವ್ಯಕ್ಕೆ ಮೂರು ಹೇತುಗಳಲ್ಲ, ಮೂರೂ ಕೂಡಿ ಒಂದೇ ಹೇತು ಎಂಬುದು ಮಮ್ಮಟನ ಸಿದ್ಧಾಂತ. ಹಿಗಿನ್ಸನು ಬಾಲ್ಯದಲ್ಲಿ ಬೆಲ್‌ಫಾಸ್ಟಿನ 'ಜಾಂಪಾಟ್' ಎಂಬ ಆಟದ ಮನೆಯಲ್ಲಿ ದಿನಗಳನ್ನು ಕಳೆದವನು. ವೈಟನು ಶಾಲೆಯನ್ನು ತಪ್ಪಿಸಿಕೊಂಡು ಹೋಗುತ್ತಿದ್ದುದು ಟೂಟಿಂಗಿನ ಅಂಥದೇ ಒಂದು ಮನೆಗೆ. ಶಾಲೆಗೆ ಚಕ್ಕರು ಹೊಡೆದುದನ್ನು ಕಥೆಯಾಗಿ ಹೇಳುವವರು, ಆ ಹೊತ್ತಿನಲ್ಲಿ ಅವನು ಮಾಡುತ್ತಿದ್ದುದು ಅಭ್ಯಾಸವೇ ಎಂಬುದನ್ನು ಮರೆಯುವರು.

ಇನ್ನು ನಿಪುಣನ ಪಾಡನ್ನು ನೋಡೋಣವೆಂದರೆ ಸ್ಟೀವ್ ಡೇವಿಸನಿಗಿಂತ ಒಳ್ಳೆಯ ನಿದರ್ಶನವಿಲ್ಲ. 1981ರಿಂದ 1989ರ ವರೆಗಿನ ಒಂಬತ್ತು ವರುಷಗಳಲ್ಲಿ ಆರು ಸಲ ಜಗತ್ಪದವಿಯನ್ನು ಪಡೆದವನು. ಕುಡಿದು ಕೂಗಾಡಲಿಲ್ಲ, ಎದುರಾಳಿಯನ್ನು ಅವಮಾನಿಸಲಿಲ್ಲ, ಸೋತಾಗ ಕೈಕುಲುಕಿದನು. ಇಷ್ಟರಿಂದಲೇ ಅವನು ಜನರಿಗೆ ಬೇಸರವಾದನು. ಅವನನ್ನು ಯಂತ್ರವೆಂದರು, ವ್ಯಂಗ್ಯವಾಗಿ 'ಸ್ವಾರಸ್ಯದ ಡೇವಿಸ್' ಎಂದು ಕರೆದರು. 1983ರ ಬ್ರಿಟಿಷ್ ಪ್ರಶಸ್ತಿಯ ಅಂತಿಮಸ್ಪರ್ಧೆಯಲ್ಲಿ 7–0ರಿಂದ ಮುಂದಿದ್ದ ಅವನನ್ನು ಹಿಗಿನ್ಸನು 16–15ರಿಂದ ಸೋಲಿಸಿದಾಗ ಸಭೆಯಲ್ಲಿ ಎದ್ದ ಹರ್ಷವು ಒಬ್ಬನ ಗೆಲವಿಗೆ ಎದ್ದುದೋ ಇನ್ನೊಬ್ಬನ ಸೋಲಿಗೆ ಎದ್ದುದೋ ಹೇಳಲಾಗದು. 1985ರ ಜಗತ್ಪಂದ್ಯದ ಅಂತಿಮಸ್ಪರ್ಧೆಯಲ್ಲಿ ಅವನು 8–0ರಿಂದ ಮುಂದಿದ್ದನು. ಎದುರಾಳಿಯಾದ ಡೆನಿಸ್ ಟೇಲರನು ದೊಡ್ಡ ಕನ್ನಡಕದ ಸೌಮ್ಯಗೃಹಸ್ಥ. ಒಂದೊಂದಾಗಿ ಭಾಗಗಳನ್ನು ಗೆದ್ದು 17–17ಕ್ಕೆ ತಂದನು. ಕೊನೆಯ ಭಾಗದ ಕೊನೆಯ ಕರಿಯ ಚೆಂಡೊಂದೇ ಉಳಿದಿತ್ತು. ನಡುರಾತ್ರಿ ಮೀರಿತ್ತು, 1 ಕೋಟಿ 85 ಲಕ್ಷ ಜನ ನೋಡುತ್ತಿದ್ದರು. ಇಬ್ಬರೂ ತಪ್ಪಿದರು. ಡೇವಿಸನಿಗೆ ಒದಗಿದ ಕಡೆಯ ಅವಕಾಶವು ಎಳೆಯ ಮಗುವಿಗೆ ಎಟುಕುವಂಥದಲ್ಲವಾದರೂ ಅವನ ಮಟ್ಟಿಗೆ ದಿನಕ್ಕೆ ನೂರು ಸಲ ಮಾಡುವ ಕೆಲಸ. ಅದನ್ನು ತಪ್ಪಿದನು, ಟೇಲರನು ಕೆಡಹಿದನು. ಆ ಇಡೀ ಸ್ಪರ್ಧೆಯಲ್ಲಿ ಟೇಲರನು ಮುಂದಾದುದು ಆ ಒಂದು ಕ್ಷಣದಲ್ಲಿ ಮಾತ್ರ. ಯಂತ್ರವು ನಡುಗಿತು. ಗೆದ್ದಾಗ ಡೇವಿಸನನ್ನು ಒಲ್ಲದಿದ್ದವರು ಆ ರಾತ್ರಿಯಿಂದ ಅವನ ಮೇಲೆ ಕೊಂಚ ಕನಿಕರವನ್ನು ತಾಳಲಾರಂಭಿಸಿದರು.

ಇದರಿಂದ ಏನು ಹೊರಡುವುದೆಂದರೆ, ಜನರ ಒಲವಿನಲ್ಲಿ ಎರಡು ಎಳೆಗಳುಂಟು. ಒಂದು, ಶಕ್ತಿಯನ್ನು ಕಂಡ ಸಂತೋಷ. ಇನ್ನೊಂದು, ಶಕ್ತನಾದವನೂ ಮುರಿಯುವನೆಂಬುದನ್ನು ಕಂಡ ಸಂತೋಷ. ಎರಡೂ ಒಂದೇ ನೂಲಿನಂತೆ ಹೆಣೆದುಕೊಂಡಿರುವುದರಿಂದ ಪ್ರೇಕ್ಷಕನಿಗೆ ಇದು ಅದು ಎಂಬ ಭೇದ ತೋರದು. ಜಿಮ್ಮಿ ವೈಟನು ಆರು ಸಲ ಜಗತ್ಪಂದ್ಯದ ಅಂತಿಮಸ್ಪರ್ಧೆಗೆ ಬಂದು ಆರು ಸಲವೂ ಸೋತನು. 1992ರಲ್ಲಿ 14–8ರಿಂದ ಮುಂದಿದ್ದು, ಅಲ್ಲಿಂದಾಚೆಗೆ ಒಂದು ಭಾಗವನ್ನೂ ಗೆಲ್ಲದೆ ಸ್ಟೀಫನ್ ಹೆಂಡ್ರಿಗೆ 18–14ರಿಂದ ಸೋತನು. 1994ರಲ್ಲಿ, ತನ್ನ ಹುಟ್ಟಿದ ಹಬ್ಬದ ದಿನ, 17–17ರ ಬಳಿಕ ಕೊನೆಯ ಭಾಗದಲ್ಲಿ ಸುಲಭವಾದ ಕರಿಯ ಚೆಂಡೊಂದನ್ನು ತಪ್ಪಿ ಅದೇ ಹೆಂಡ್ರಿಗೆ ಸೋತನು. ಹೆಂಡ್ರಿಯು ಏಳು ಸಲ ಗೆದ್ದವನು; ಆದರೂ ಸಭೆಯು ವೈಟನದೇ. ವೈಟನು ಒಂದು ಸಲ ಗೆದ್ದಿದ್ದರೆ ಆ ಒಲವು ಅಷ್ಟೇ ಗಾಢವಾಗಿ ಉಳಿಯುತ್ತಿತ್ತೆಂದು ಹೇಳುವುದು ಕಷ್ಟ. ವೈಟನ ವಿಷಯದಲ್ಲಿ ಇದರಿಂದ ದೊಡ್ಡ ಕೇಡೇನೂ ಆಗಲಿಲ್ಲ. ಅವನು ಸೋಲನ್ನು ಹೊರಬಲ್ಲ ಹಸನ್ಮುಖಿ. ಎಲ್ಲರೂ ಹಾಗಿರುವುದಿಲ್ಲ.

ಹಿಗಿನ್ಸನು ಹಾಗಿರಲಿಲ್ಲ. ಕುಡಿತ, ಜೂಜು, ಕೋಪ ಇವು ಮೊದಲಿನಿಂದಲೂ ಇದ್ದವು. ಮೊದಲಲ್ಲಿ ಅವು 'ಕಥೆ'ಗಳಾಗಿದ್ದವು. 1986ರಲ್ಲಿ ಪಂದ್ಯಾಧಿಕಾರಿಯೊಬ್ಬನನ್ನು ತಲೆಯಿಂದ ಡಿಕ್ಕಿ ಹೊಡೆದುದಕ್ಕಾಗಿ 12,000 ಪೌಂಡುಗಳ ದಂಡವೂ ಐದು ಪಂದ್ಯಗಳ ಬಹಿಷ್ಕಾರವೂ ವಿಧಿಸಲ್ಪಟ್ಟವು. 1990ರಲ್ಲಿ ತನ್ನ ನಾಡಿನವನೇ ಆದ ಟೇಲರನನ್ನು ಗುಂಡಿಟ್ಟು ಕೊಲ್ಲಿಸುವೆನೆಂದನು. ಬೆಲ್‌ಫಾಸ್ಟಿನಲ್ಲಿ ದಿನವೂ ಗುಂಡಿನ ಸದ್ದು ಕೇಳುತ್ತಿದ್ದ ಆ ಕಾಲದಲ್ಲಿ ಅದು ಬರಿಯ ಬೈಗುಳಲ್ಲ. ಅದೇ ವರುಷ ಇನ್ನೊಬ್ಬ ಅಧಿಕಾರಿಯನ್ನು ಗುದ್ದಿ, ಮತ್ತೆ ಬಹಿಷ್ಕೃತನಾದನು. ಪ್ರತಿಸಲವೂ ಅವನ ಪರವಾಗಿ ಒಂದು ವಾದ ಸಿದ್ಧವಾಗಿರುತ್ತಿತ್ತು: ಬಿರುಗಾಳಿಯು ಮರ ಕೆಡಹದೆ ಬೀಸುವುದೆ? ಅವನ ಕೋಪವನ್ನು ತೆಗೆದರೆ ಅವನ ಆಟವನ್ನೂ ತೆಗೆದಂತೆ. ಈ ವಾದವನ್ನು ಹೂಡಿದವರು ಅವನ ಹಗೆಗಳಲ್ಲ, ಅಭಿಮಾನಿಗಳು. ಇದರ ಫಲವೇನೆಂದರೆ, ತಿದ್ದಿಕೊಳ್ಳುವುದು ಅವನಿಗೆ ತನ್ನನ್ನು ತಾನೇ ಕಳೆದುಕೊಂಡಂತೆ ತೋರುವ ಹಾಗಾಯಿತು. ಒಬ್ಬನ ಅವಗುಣವನ್ನು ಕ್ಷಮಿಸುವುದು ಒಂದು, ಅದನ್ನು ಅವನ ಸ್ವಧರ್ಮವೆಂದು ಅವನಿಗೇ ನಂಬಿಸುವುದು ಇನ್ನೊಂದು. ಮೊದಲನೆಯದು ಸ್ನೇಹ, ಎರಡನೆಯದಕ್ಕೆ ಸ್ನೇಹವೆಂಬ ಹೆಸರು ಒಪ್ಪುವುದಿಲ್ಲ. ಪೆಟ್ಟು ತಿಂದ ಅಧಿಕಾರಿಗಳ ಹೆಸರು ಆ ಕಥೆಗಳಲ್ಲಿ ಬರುವುದೂ ಅಪರೂಪ.

ಅವಗುಣವೇ ಪ್ರತಿಭೆಯ ಬೇರೆಂಬ ವಾದವು ನಿಜವಾಗಿದ್ದ ಪಕ್ಷದಲ್ಲಿ ಇಷ್ಟೆಲ್ಲ ಹೇಳಿ ಪ್ರಯೋಜನವಿಲ್ಲ. ಅದು ನಿಜವೇ ಎಂಬುದನ್ನು ಪರೀಕ್ಷಿಸಲು ದೈವವಶಾತ್ ಇನ್ನೊಬ್ಬನು ದೊರೆಯುವನು. ರಾನಿ ಓಸಲಿವನ್ 1975ರಲ್ಲಿ ಹುಟ್ಟಿದವನು. 1997ರಲ್ಲಿ ಕ್ರೂಸಿಬಲಿನಲ್ಲಿ 147ರ ಪರಮಾವಧಿಯನ್ನು 5 ನಿಮಿಷ 8 ಸೆಕೆಂಡುಗಳಲ್ಲಿ ಮುಗಿಸಿದನು. 36 ಹೊಡೆತಗಳಿಗೆ, ಒಂದೊಂದಕ್ಕೆ ಒಂಬತ್ತು ಸೆಕೆಂಡೂ ಹಿಡಿಯಲಿಲ್ಲ. ಪ್ರತಿಭೆಯೆಂಬುದಕ್ಕೆ ಬೇರೆ ಲಕ್ಷಣ ಬೇಕಾಗಿಲ್ಲ. ಚಾಂಚಲ್ಯಕ್ಕೂ ಕೊರತೆಯಿರಲಿಲ್ಲ. 1996ರಲ್ಲಿ ಅಲೇನ್ ರೊಬಿಡೂ ಎಂಬ ಕೆನಡದವನೊಡನೆ ಆಡುವಾಗ ಎಡಗೈಯಿಂದ ಹೊಡೆಯತೊಡಗಿದನು. ಅದು ತನಗೆ ಅವಮಾನವೆಂದು ರೊಬಿಡೂ ಕೈಕುಲುಕದೆ ಹೋದನು. 2006ರಲ್ಲಿ ಹೆಂಡ್ರಿಯೊಡನೆ ಹದಿನೇಳು ಭಾಗಗಳ ಸ್ಪರ್ಧೆಯಲ್ಲಿ 4–1ರಿಂದ ಹಿಂದಿರುವಾಗ, ನಡುವೆಯೇ ಕೈಕುಲುಕಿ ಸಭೆಯಿಂದ ಹೊರಟುಹೋದನು. ಹಣ ತೆತ್ತು ಬಂದು ಕುಳಿತವರು ಮುಖಮುಖ ನೋಡಿಕೊಂಡರು. 2010ರಲ್ಲಿ ಇನ್ನೊಂದು ಪಂದ್ಯದಲ್ಲಿ, 147ಕ್ಕೆ ಪ್ರತ್ಯೇಕವಾದ ಬಹುಮಾನವಿಲ್ಲವೆಂದು ತಿಳಿದು, 140ಕ್ಕೆ ನಿಲ್ಲಿಸಿ ಎದುರಾಳಿಯ ಕೈಕುಲುಕಿಬಿಟ್ಟನು. ರೆಫರಿಯು ಒತ್ತಾಯಪಡಿಸಿದ ಮೇಲೆ ಉಳಿದ ಕರಿಯದನ್ನು ಕೆಡಹಿದನು. ಅಂದು ಆಟದ ಮಾನವನ್ನು ಕಾಯ್ದವನು ಆ ರೆಫರಿಯೆಂದರೆ ತಪ್ಪಾಗದು.

ಆದರೆ ಓಸಲಿವನನು ಅಲ್ಲಿಯೇ ನಿಲ್ಲಲಿಲ್ಲ. 2004ರಲ್ಲಿ ಅವನು ಜಗತ್ಪದವಿಯನ್ನು ಎರಡನೆಯ ಸಲ ಗೆದ್ದಾಗ ಅವನಿಗೆ ಆಟದ ರಕ್ಷಣಾತಂತ್ರವನ್ನು ಹೇಳಿಕೊಟ್ಟ ಗುರುವು ಬೇರಾರೂ ಅಲ್ಲ, 1982ರಲ್ಲಿ ಹಿಗಿನ್ಸನಿಗೆ ಸೋತಿದ್ದ ರೇ ರಿಯರ್ಡನ್. ಗಣಿಯಲ್ಲಿ ದುಡಿದು, ಪೊಲೀಸು ಕೆಲಸ ಮಾಡಿ, ಅನಂತರ ಆರು ಸಲ ಜಗತ್ಪದವಿಯನ್ನೇರಿದ ಆ ವೇಲ್ಸಿನ ಮುದುಕನು ತಾಳ್ಮೆಯ ಮೂರ್ತಿಯೇ. 2011ರಿಂದ ಓಸಲಿವನನು ಸ್ಟೀವ್ ಪೀಟರ್ಸ್ ಎಂಬ ಮನೋವೈದ್ಯನ ಸಹಾಯವನ್ನು ಪಡೆದನು; ಮೈಲಿಗಟ್ಟಲೆ ಓಡುವುದನ್ನು ನಿಯಮವಾಗಿ ಇಟ್ಟುಕೊಂಡನು. ಪರಿಣಾಮವೇನು? 2012, 2013, 2020, 2022ರಲ್ಲಿ ಮತ್ತೆ ಜಗತ್ಪದವಿ. ಹೆಂಡ್ರಿಯ ಏಳಕ್ಕೆ ಏಳು. ಬ್ರಿಟಿಷ್ ಪ್ರಶಸ್ತಿಯನ್ನು ಮೊದಲು ಗೆದ್ದುದು 1993ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ. ಎಂಟನೆಯ ಸಲ ಗೆದ್ದುದು 2023ರಲ್ಲಿ, ನಾಲ್ವತ್ತೇಳರಲ್ಲಿ. ಮನಸ್ಸಿಗೆ ಕಡಿವಾಣ ಬಿದ್ದರೆ ಕೈ ಕುಂಟುವುದೆಂಬ ಮಾತು ನಿಜವಾಗಿದ್ದರೆ ಈ ಮೂವತ್ತು ವರುಷಗಳ ಲೆಕ್ಕಕ್ಕೆ ಅರ್ಥವೇ ಇರದು. ಅವನ ಚಾಂಚಲ್ಯ ಪೂರ್ತಿ ಹೋಯಿತೆಂದಲ್ಲ. ಹೋದಷ್ಟೂ ಆಟವು ಉಳಿಯಿತು. ಜನರ ಒಲವೂ ಕಡಮೆಯಾಗಲಿಲ್ಲವೆಂಬುದು ಇನ್ನೂ ಗಮನಿಸತಕ್ಕದ್ದು. ಅಂದಮೇಲೆ ಅವರು ಮೊದಲಿನಿಂದ ಒಲಿದಿದ್ದುದು ಅವನ ಕೈಗೇ. ಕೋಪಕ್ಕೂ ಕಣ್ಣೀರಿಗೂ ಅಲ್ಲ. ಅದನ್ನು ಅವರೂ ಅರಿತಿರಲಿಲ್ಲ.

ಹಾಗಾದರೆ ಹಿಗಿನ್ಸನ ಅಭಿಮಾನಿಗಳೂ ಅಷ್ಟನ್ನು ಬಯಸಬಹುದಾಗಿತ್ತು. ಗಂಟಲಿನ ಹುಣ್ಣುರೋಗಕ್ಕೆ ಮಾಡಿದ ಕಿರಣಚಿಕಿತ್ಸೆಯಿಂದ ಅವನ ಹಲ್ಲುಗಳು ಹೋಗಿ, ಗಟ್ಟಿಯಾದ ಆಹಾರ ಇಳಿಯದಂತಾಗಿತ್ತು. ಮೈ ಎಲುಬಿನ ಗೂಡಾಗಿತ್ತು. ಸ್ನೇಹಿತರು ಕೆಲವರು ಹೊಸ ಹಲ್ಲುಗಳಿಗಾಗಿ ಹಣ ಕೂಡಿಸಿದರು. ಅವರನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ಆದರೆ ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು.

2010ರ ವಸಂತದಲ್ಲಿ ಕ್ರೂಸಿಬಲಿನ ಮೇಜಿಗೆ ಸ್ಟೀವ್ ಡೇವಿಸನು ಮತ್ತೊಮ್ಮೆ ಬಂದನು. ಅವನಿಗೆ ಆಗ 52 ವರುಷ. ಹಿಂದಿನ ವರುಷದ ವಿಜಯಿಯಾದ ಜಾನ್ ಹಿಗಿನ್ಸನನ್ನು ಅವನು 13–11ರಿಂದ ಸೋಲಿಸಿದನು. ಈ ಹಿಗಿನ್ಸನು ಸ್ಕಾಟ್ಲೆಂಡಿನವನು, ಹೆಸರೊಂದೇ ಸಾಮ್ಯ. ಡೇವಿಸನು ಆಡಿದುದು ತನ್ನ ಹಳೆಯ ಆಟವನ್ನೇ: ನಿಧಾನ, ಎಚ್ಚರ, ರಕ್ಷಣೆ. ಯಾವ ಆಟವನ್ನು ಒಂದು ಕಾಲಕ್ಕೆ ಯಂತ್ರವೆಂದು ಹಳಿದಿದ್ದರೋ ಅದಕ್ಕೇ ಜನರು ಉತ್ಸಾಹದಿಂದ ಚಪ್ಪಾಳೆಯಿಕ್ಕಿದರು. ಅದೇ ಜುಲೈ ತಿಂಗಳಿನಲ್ಲಿ ಅಲೆಕ್ಸ್ ಹಿಗಿನ್ಸನು ಬೆಲ್‌ಫಾಸ್ಟಿನ ತನ್ನ ಮನೆಯಲ್ಲಿ ಸತ್ತುಬಿದ್ದಿರುವುದು ಕಂಡುಬಂದಿತು, ವಯಸ್ಸು 61. ಶವವನ್ನು ಕುದುರೆಯ ಗಾಡಿಯಲ್ಲಿಟ್ಟು ಊರಿನ ದೊಡ್ಡ ಇಗರ್ಜಿಯಾದ ಸಂತ ಆನ್ನಳ ದೇವಾಲಯಕ್ಕೆ ಒಯ್ದರು. ಬೀದಿಯ ಉದ್ದಕ್ಕೂ ಜನರು ಕಿಕ್ಕಿರಿದು ನಿಂತಿದ್ದರು. ಅವನು ಒಬ್ಬನೇ ವಾಸವಾಗಿದ್ದ ಮನೆಯೂ ಅದೇ ಊರಿನಲ್ಲಿತ್ತು.